ಮೊದಲನೇ ತಂತಿಯ ಹಟ

ನನ್ನ ಮನೆಯ ಮಾಳಿಗೆಯ ಮೇಲೆ ಒಂದೇ ಒಂದು ರೂಮಿದೆ. ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸಿ ರಿಟೈರ್ ಆದ ಮೇಲೆ ಅದನ್ನು ಓದುವ, ಇಲ್ಲವೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗಷ್ಟೇ ಕೊಡುತ್ತ ಬಂದಿದ್ದೇನೆ. ಕೊಪ್ಪಳ ಜಿಲ್ಲೆಯಾದಾಗಿನಿಂದ ಅಂಥವರಿಗೆ ಕೊರತೆಯಿಲ್ಲ. ಆಫೀಸಿನ ಟೈಪಿಸ್ಟ್, ಆಸ್ಪತ್ರೆಯ ನರ್ಸ್, ಹೀಗೆ ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುತ್ತಾರೆ. ಎಲ್ಲರ ಜೊತೆ ಒಂದು ಟ್ರಂಕು, ಒಂದು ಸ್ಟೋವು ಬರುವುದು ವಾಡಿಕೆ. ಈ ಹುಡುಗಿಯ ಜೊತೆ ಮಾತ್ರ ಆರು ಕಬ್ಬಿಣದ ಪ್ಲೇಟುಗಳು ಬಂದವು. ಆಟೋದವನು ಎರಡೆರಡಾಗಿ ಹೊತ್ತು ಮೆಟ್ಟಿಲು ಹತ್ತಿಸಿ, "ಓದಾಕ ಬಂದಾರೋ, ಮನಿ ಕಟ್ಟಾಕ ಬಂದಾರೋ" ಎಂದು ನನ್ನ ಮುಖ ನೋಡಿ ಹೋದ.

"ಏನವ್ವ ಇವು?" ಎಂದೆ.

"ಪ್ರಾಜೆಕ್ಟ್ ರೀ ಅಕ್ಕೋರ," ಎಂದಳು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರ ಎನ್ನುತ್ತಾರೆ. ಕಲಿಸುವುದು ಬಿಟ್ಟು ಎಷ್ಟು ವರ್ಷವಾದರೂ ಅದು ಹೋಗುವುದಿಲ್ಲ.

ಕುಷ್ಟಗಿಯಾಚೆಯ ಹಳ್ಳಿಯವಳು. ಅಪ್ಪ ಮೊದಲು ಕೂಲಿಗೆ ಹೋಗುತ್ತಿದ್ದವರು, ಆಮೇಲೆ ಪಂಚಾಯಿತಿಯಲ್ಲಿ ಜವಾನರಾದರು. ಈಕೆ ಒಂದು ಪಾಲಿಟೆಕ್ನಿಕ್ಕಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದುಕೊಂಡು ಎಂ.ಟೆಕ್. ಸೀಟು ಹಿಡಿದಿದ್ದಳು. ಉಳಿದದ್ದು ಈ ಪ್ರಾಜೆಕ್ಟ್ ಒಂದೇ. ಪಾಲಿಟೆಕ್ನಿಕ್ಕಿನವರು ಹೊಸ ಟರ್ಮ್ ಶುರುವಾಗುವತನಕ ಅವಳ ಜಾಗ ಹಿಡಿದಿಡುತ್ತೇವೆ ಎಂದಿದ್ದರು. ಅಷ್ಟರೊಳಗೆ ಡಿಗ್ರಿ ಕೈಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಬೇರೆಯವರು. ಇದನ್ನು ಅವಳು ನನಗೆ ಮೊದಲ ದಿನವೇ ಹೇಳಿದಳು, ರೇಷನ್ ಕಾರ್ಡು ತೋರಿಸಿದಷ್ಟು ಸಹಜವಾಗಿ.

ಪ್ರಾಜೆಕ್ಟ್ ಏನೆಂದರೆ, ವೆಲ್ಡಿಂಗ್. ಸಿದ್ದಾಪುರ, ಗಂಗಾವತಿ ಕಡೆಯ ಭತ್ತದ ಗದ್ದೆಗಳಲ್ಲಿ ಕೆಸರು ಮಾಡಲು ಟ್ರ್ಯಾಕ್ಟರಿಗೆ ದೊಡ್ಡ ಕಬ್ಬಿಣದ ಗಾಲಿ ಹಾಕುತ್ತಾರೆ. ಅಂಥ ಗಾಲಿಗಳನ್ನು ಭಾಗ್ಯನಗರದ ವರ್ಕ್‌ಶಾಪುಗಳಲ್ಲಿ ಬೆಸೆಯುತ್ತಾರೆ. ಬೆಸೆದಾಗ ಶಾಖಕ್ಕೆ ಪಟ್ಟಿ ಡೊಂಕಾಗುತ್ತದೆ. ಎಷ್ಟು ಡೊಂಕಾದೀತು ಎಂದು ಬೆಸೆಯುವ ಮುಂಚೆಯೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಬೇಕು. ಅದಕ್ಕೆ ಮೊದಲು ಶಾಖ ಹೇಗೆ ನಡೆಯುತ್ತದೆ ಎನ್ನುವುದು ಸರಿಯಾಗಿ ಬರಬೇಕು. ಅವಳ ಇಡೀ ಥೀಸಿಸ್ಸು ಆ ನಡಿಗೆಯ ಮೇಲೆ ನಿಂತಿತ್ತು.

ನಾನು ಕಂಪ್ಯೂಟರಿಗೆ ಹೊಸಬಳೇನೂ ಅಲ್ಲ. ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷಕ್ಕೆ ನಮ್ಮ ಸ್ಕೂಲಿಗೂ ಒಂದು ಬಂದಿತ್ತು. ಹೆಡ್‌ಮಾಸ್ಟರು ಅದಕ್ಕೆ ಹೂವಿನ ಡಿಸೈನಿನ ಗೌನು ಹೊಲಿಸಿ, ಚಪ್ಪಲಿ ಬಿಟ್ಟು ಒಳಗೆ ಬರುವ ರೂಲ್ ಮಾಡಿದ್ದರು. ಆದರೆ ಈ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಕಂಡದ್ದು ಬೇರೆ ಲೋಕ. ಪರದೆಯ ಮೇಲೆ ಒಂದು ನೀಲಿ ಪ್ಲೇಟು, ಅದರ ತುಂಬ ಸೊಳ್ಳೆಪರದೆಯಂಥ ಸಣ್ಣ ಸಣ್ಣ ಚೌಕ. ಒಂದು ತುದಿಯಲ್ಲಿ ಕೆಂಪು ಕಲೆ ಹುಟ್ಟಿ ಮೆಲ್ಲಗೆ ಇನ್ನೊಂದು ತುದಿಗೆ ಹೊರಡುತ್ತಿತ್ತು. ಹಿಂದೆ ಹಳದಿ, ಅದರ ಹಿಂದೆ ಹಸಿರು, ಬಾಲದಂತೆ.

"ಕಂಪ್ಯೂಟರಿಗೆ ನಾನ ಹೇಳಬೇಕ್ರಿ," ಎಂದು ವಿವರಿಸಿದಳು. "ಬೆಂಕಿ ಎಲ್ಲಿ ಐತಿ, ಎಷ್ಟು ಜೋರೈತಿ, ಯಾವ ಸ್ಪೀಡಿನಾಗ ಹೊಂಟೈತಿ. ಹೆಜ್ಜಿ ಭಾಳ ದೊಡ್ಡದಿಟ್ಟರ ಕಪ್ಪಿ ಹಾರಿದಂಗ ಹಾರತೈತಿ. ನೋಡ್ರಿ ಇಲ್ಲೆ, ರಂಗೋಲಿ ಚುಕ್ಕಿ ಇಟ್ಟಂಗ ಆಗೈತಿ. ಹೆಜ್ಜಿ ಸಣ್ಣದಿಟ್ಟರ ಛಲೋ ನಡೀತೈತಿ, ಆದ್ರ ತಾಸುಗಟ್ಲೆ ಹಿಡೀತೈತಿ."

ನನಗೆ ನಮ್ಮ ಕಾನ್ವೆಂಟ್ ಬೋರ್ಡಿಂಗಿನ ಶನಿವಾರಗಳು ನೆನಪಾದವು. ಉದ್ದನೆಯ ಟೇಬಲ್ಲು, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ಸಾಲಾಗಿ ನಿಂತ ನಾವು, ಯೂನಿಫಾರ್ಮಿನ ನಮ್ಮ ನೇವಿ ಬ್ಲೂ ಪಿನಾಫೋರ್‌ಗಳು. ಸಿಸ್ಟರ್ ಹಿಂದಿನಿಂದ ನಡೆಯುತ್ತ, "ಕೀಪ್ ಇಟ್ ಮೂವಿಂಗ್, ಚೈಲ್ಡ್, ಕೀಪ್ ಇಟ್ ಮೂವಿಂಗ್" ಎನ್ನುತ್ತಿದ್ದರು. ಒಮ್ಮೆ ಕಿಟಕಿಯಾಚೆ ಗುಲ್‌ಮೊಹರ್ ಮರದಲ್ಲಿ ಏನೋ ಕಂಡು ನನ್ನ ಕೈ ನಿಂತಿತು. ಎರಡೇ ಗಳಿಗೆ. ಆ ವರ್ಷವೆಲ್ಲ ನನ್ನ ಪಿನಾಫೋರಿನ ಮಡಿಕೆಯೊಳಗೆ ಒಂದು ಕಂದು ತ್ರಿಕೋನ ಇತ್ತು. ಅದೇ ಇಸ್ತ್ರಿ, ಅದೇ ಇದ್ದಿಲು. ನಡೆದರೆ ಬಟ್ಟೆ ನೀಟು, ನಿಂತರೆ ಸುಟ್ಟಿತು.

ಇದನ್ನು ಹೇಳಿದಾಗ ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು. "ಅದ ರೀ ಅಕ್ಕೋರ! ಮೂವಿಂಗ್ ಹೀಟ್ ಸೋರ್ಸ್ ಅಂದ್ರ ಅದ ರೀ! ನಮ್ಮ ಸರ್ ಇದನ್ನ ಎರಡು ತಾಸು ಹೇಳಿದ್ರು."

ಅಂದಿನಿಂದ ಮಧ್ಯಾಹ್ನದ ಚಹಾ ಹೊತ್ತಿಗೆ ಅವಳು ಲ್ಯಾಪ್‌ಟಾಪು ಹಿಡಿದು ಕೆಳಗೆ ಬರುವುದು ರೂಢಿಯಾಯಿತು. ನನಗೆ ಅದರ ಗಣಿತ ಅರ್ಥವಾಗುತ್ತಿತ್ತು ಎಂದರೆ ಸುಳ್ಳಾದೀತು. ಆದರೆ ಒಂಟಿ ಮನೆಯಲ್ಲಿ ಯಾರೋ ಗ್ರಾಫ್ ಬಿಚ್ಚಿ ಕೂರುವುದು, ಆಹಾ, ಅದರ ಸುಖವೇ ಬೇರೆ.

ಕಂಪ್ಯೂಟರಿನ ಲೆಕ್ಕ ನಿಜವೋ ಸುಳ್ಳೋ ಎಂದು ನೋಡಲು ನಿಜವಾದ ಪ್ಲೇಟು ಬೇಕಲ್ಲ, ಅದಕ್ಕೇ ಆ ಆರು. ಪ್ಲೇಟಿನ ಹಿಂಭಾಗಕ್ಕೆ ಸಾಲಾಗಿ ಐದು ಸಣ್ಣ ತಂತಿ ಅಂಟಿಸಿ, ಒಂದು ಡಬ್ಬಿಯ ಮೂಲಕ ಲ್ಯಾಪ್‌ಟಾಪಿಗೆ ಕೊಡುವುದು. ಮುಂಭಾಗದಲ್ಲಿ ವೆಲ್ಡರ್ ಈ ತುದಿಯಿಂದ ಆ ತುದಿಗೆ ಬೆಸೆಯುವುದು. ಒಂದೊಂದು ತಂತಿ ತನ್ನ ಜಾಗದ ಬಿಸಿಯನ್ನು ಹೇಳುತ್ತ ಹೋಗುತ್ತದೆ. ವೆಲ್ಡರನನ್ನು ಗೊತ್ತುಮಾಡಿ ಕೊಟ್ಟವಳು ನಾನೇ. ಭಾಗ್ಯನಗರದಲ್ಲಿ ವರ್ಕ್‌ಶಾಪ್ ಇಟ್ಟವನು, ಕುಕನೂರಿನಲ್ಲಿ ನನ್ನ ಹತ್ತಿರ ಎಂಟನೆಯ ಇಯತ್ತೆ ಓದಿದವನು. ಕೊನೆಯ ಬೆಂಚು. ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ.

ನಾಲ್ಕು ಪ್ಲೇಟು ಮುಗಿದವು. ನಾಲ್ಕರಲ್ಲೂ ಒಂದೇ ಹಾಡು. ಕೊನೆಯ ತಂತಿ ಕಂಪ್ಯೂಟರ್ ಹೇಳಿದಂತೆಯೇ ಇರುತ್ತಿತ್ತು. ಅದರ ಹಿಂದಿನದು ಅಷ್ಟಿಷ್ಟು ಹೆಚ್ಚುಕಡಿಮೆ. ಹೀಗೆ ಹಿಂದೆ ಬಂದಂತೆ ತಪ್ಪು ಬೆಳೆದು, ಮೊದಲನೇ ತಂತಿ ಎಲ್ಲ ಬಿಟ್ಟು ಮೇಲೆ ಹೋಗಿ ಕೂತಿರುತ್ತಿತ್ತು. ಕಂಪ್ಯೂಟರ್ ಹೇಳಿದ್ದಕ್ಕಿಂತ ಬಹಳ ಹೆಚ್ಚು ಬಿಸಿ, ಅದೂ ತಡವಾಗಿ. ತಂತಿ ಬದಲಿಸಿದಳು. ಅಂಟು ಬದಲಿಸಿದಳು. ಡಬ್ಬಿಯನ್ನು ಕಾಲೇಜಿಗೆ ಒಯ್ದು ಚೆಕ್ ಮಾಡಿಸಿ ತಂದಳು. ತಂತಿ ತನ್ನ ಹಟ ಬಿಡಲಿಲ್ಲ.

ಗೈಡ್ ಸರ್ ಕೆಟ್ಟವರಲ್ಲ, ದಣಿದವರು. ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಮೊದಲನೇದು ಫಾಲ್ಟಿ ಸೆನ್ಸರ್ ಅಂತ ಬರದು ಬಿಟ್ಟುಬಿಡವಾ. ಉಳಿದ ನಾಕು ತಂತಿ ಸಾಕು. ಇಲ್ಲಾಂದ್ರ ಕಾರಣ ಹುಡುಕು, ಆದ್ರ ಆರು ತಿಂಗಳು ಎಕ್ಸ್‌ಟೆನ್ಷನ್ ಆಗತೈತಿ. ಶನಿವಾರ ನನಗೆ ಡ್ರಾಫ್ಟ್ ಬೇಕು."

ಆರು ತಿಂಗಳೆಂದರೆ ಪಾಲಿಟೆಕ್ನಿಕ್ಕಿನ ಜಾಗ ಹೋಯಿತು ಎಂದೇ ಅರ್ಥ.

ಅವತ್ತು ಅವಳ ಚಹಾದ ಮೇಲೆ ಕೆನೆ ಕಟ್ಟಿತು. "ಒಂದ ತಂತಿ ಅಲ್ರಿ ಅಕ್ಕೋರ," ಎಂದಳು ಲೋಟ ತಿರುಗಿಸುತ್ತ. "ತೆಗದರ ಯಾರಿಗೂ ಗೊತ್ತಾಗಂಗಿಲ್ಲ. ಸರ್‍ರ ಹೇಳ್ಯಾರ."

"ಫಾಲ್ಟಿ ಐತೇನು ಅದು?"

"ಇಲ್ರಿ. ಮೂರು ಸಲ ಬದಲಿ ಮಾಡೀನಿ. ಹೊಸಾದೂ ಹಂಗ ಹೇಳತೈತಿ."

ಆಗ ನಾನು ಯಾರಿಗೂ ಹೇಳದ ಒಂದು ವಿಷಯ ಹೇಳಿದೆ. ಅದೇ ಸಿಸ್ಟರ್‌ಗಳು ನಡೆಸುತ್ತಿದ್ದ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ನಮಗೆ ಕೂಲಿಂಗ್ ಕರ್ವ್ ಎಂಬ ಪ್ರಯೋಗವಿತ್ತು. ತಾಮ್ರದ ಪಾತ್ರೆಯಲ್ಲಿ ಬಿಸಿನೀರು, ಒಂದು ಥರ್ಮಾಮೀಟರ್, ನಿಮಿಷಕ್ಕೊಂದು ರೀಡಿಂಗ್. ಗ್ರಾಫಿನ ಮೇಲೆ ಚುಕ್ಕೆಗಳೆಲ್ಲ ಜಾರುಬಂಡೆಯಂತೆ ಇಳಿದವು, ನಡುವಿನ ಒಂದು ಮಾತ್ರ ಗೆರೆ ಬಿಟ್ಟು ಕೆಳಗೆ ಬಿದ್ದಿತ್ತು. ನಾನು ರಬ್ಬರಿನಿಂದ ಉಜ್ಜಿ, ಗೆರೆಯ ಮೇಲೆ ಚೆಂದದ ಚುಕ್ಕೆ ಇಟ್ಟೆ. ಹತ್ತಕ್ಕೆ ಹತ್ತು. ಸಿಸ್ಟರ್ ನನ್ನ ರೆಕಾರ್ಡ್ ಬುಕ್ಕನ್ನು ಎತ್ತಿ ಹಿಡಿದು ಕ್ಲಾಸಿಗೆಲ್ಲ ತೋರಿಸಿದರು. "ಸೋ ನೀಟ್" ಎಂದರು.

"ಆಮ್ಯಾಲೆ ಏನಾತ್ರಿ?"

"ಏನೂ ಆಗಲಿಲ್ಲ. ಆದ್ರ ಆ ನಿಮಿಷದಾಗ ಏನಾಗಿತ್ತು ಅನ್ನೋದು ನನಗ ಇವತ್ತಿಗೂ ಗೊತ್ತಿಲ್ಲ. ಯಾರರೆ ಕಿಟಕಿ ತೆರದ್ರೋ, ನಾನ ಥರ್ಮಾಮೀಟರ್ ಮ್ಯಾಲೆ ಎತ್ತಿದ್ನೋ. ಆ ಮ್ಯಾಲೆ ಮೂವತ್ತು ವರ್ಷ ಹುಡುಗರಿಗೆ ಅದ ಪ್ರಯೋಗ ಕಲಿಸಿದೆ ನೋಡು. ಪ್ರತಿ ವರ್ಷ ಆ ಚುಕ್ಕಿ ಬಂದು ಎದುರಿಗೆ ಕುಂದರತಿತ್ತು."

ಹುಡುಗಿ ಲೋಟ ಕೆಳಗಿಟ್ಟು, "ಇನ್ನೂ ಎರಡು ಪ್ಲೇಟ್ ಅದಾವ್ರಿ," ಎಂದಳು. "ನಾಳೆ ನೀವೂ ಬರ್ರಿ. ನಾನು ಲ್ಯಾಪ್‌ಟಾಪ್ ನೋಡಬೇಕು, ಸ್ಟಾಪ್‌ವಾಚ್ ಹಿಡಿಯಾಕ ಯಾರೂ ಇಲ್ಲ."

ಮರುದಿನ ಬೆಳಿಗ್ಗೆ ಹೋದೆವು. ವೆಲ್ಡರ್ ಕೈ ಒರೆಸಿಕೊಂಡು ಓಡಿ ಬಂದ. "ಬರ್ರಿ ಅಕ್ಕೋರ, ಬರ್ರಿ. ಕುಂದರ್ರಿ. ಮತ್ತ ಪರೀಕ್ಷೆ ತಗೋತೀರೇನ ನಂದು?"

"ನಿನ್ನ ಪರೀಕ್ಷೆ ಎಂಟನೇತ್ತಾಗ ಮುಗೀತು. ಹೆಂಗ ಪಾಸಾದಿ ಅನ್ನೋದು ನನಗ ನಿನಗ ಅಷ್ಟ ಗೊತ್ತು."

ಅವನು ನಕ್ಕು ಸ್ಟೂಲು ತಂದಿಟ್ಟ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು, ನನಗಂತೂ ಕ್ಯಾಟರಾಕ್ಟ್ ಆಪರೇಷನ್ ಆಗಿದೆ. ಅದಕ್ಕೆ ನನ್ನನ್ನು ಬೆನ್ನು ಮಾಡಿ ರಸ್ತೆಯ ಕಡೆ ಕೂರಿಸಿದರು. ಸದ್ದು ಶುರುವಾದಾಗ ಸ್ಟಾಪ್‌ವಾಚ್ ಒತ್ತುವುದು, ನಿಂತಾಗ ಮತ್ತೊಮ್ಮೆ ಒತ್ತುವುದು ನನ್ನ ಡ್ಯೂಟಿ. ಹುಡುಗಿಯೂ ಕಿಡಿಯ ಕಡೆ ಬೆನ್ನು ಹಾಕಿ ಲ್ಯಾಪ್‌ಟಾಪಿಗೆ ಮುಖ ಕೊಟ್ಟು ಕೂತಳು. ನಾಲ್ಕೂ ಪ್ಲೇಟುಗಳಲ್ಲಿ ಹೀಗೇ ಕೂತಿದ್ದಳಂತೆ.

ಚಟ್ ಎಂದು ಕಿಡಿ ಹತ್ತಿತು. ಒತ್ತಿದೆ. ಚಟಪಟ ಸದ್ದು, ಆಮೇಲೆ ಎಣ್ಣೆ ಕಾದಂತೆ ಒಂದೇ ಸಮನೆ ಸೊಯ್ ಎನ್ನುವ ಸದ್ದು. ಆ ಚಟಪಟದ ನಡುವೆ ನನಗೆ ಇನ್ನೊಂದು ಕೇಳಿಸಿತು. ಪಿಸುಮಾತು.

ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳಿಗೆ ಬೆನ್ನಿನಲ್ಲೇ ಕಿವಿ ಇರುತ್ತದೆ. ಕೊನೆಯ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರು ಎನ್ನುವುದು ತಿರುಗದೆಯೇ ಗೊತ್ತಾಗುತ್ತದೆ. ಬೆಸುಗೆ ಮುಗಿದು ಸದ್ದು ನಿಂತದ್ದೇ ತಡ, ವಾಚ್ ಒತ್ತಿ, ರಸ್ತೆಯನ್ನೇ ನೋಡುತ್ತ, ಹಳೆಯ ದನಿಯಲ್ಲಿ ಕೇಳಿದೆ: "ಏನೋ ಅದು? ಬಾಯಾಗ ಏನಂದಿ?"

ತಿರುಗಿ ನೋಡಿದರೆ ಮುಖದ ಮುಂದಿನ ಗಾಜು ಕೆಳಗಿಟ್ಟು, ಕೈ ಕಟ್ಟಿ, ಎದ್ದು ನಿಂತಿದ್ದಾನೆ. ಮೊಮ್ಮಕ್ಕಳ ಅಜ್ಜ! "ಏನಿಲ್ರಿ ಅಕ್ಕೋರ. ಶಿವ ಶಿವ ಶಿವ ಅಂದ್ನಿರಿ."

"ಯಾವಾಗ?"

"ಶುರು ಮಾಡೂ ಮುಂದ್ರಿ. ಮೊದಲ್ನೇ ಕಿಡಿ ದೇವರಿಗಲ್ರಿ. ಕಿಡಿ ಹಚ್ಚಿ ಅಲ್ಲೇ ಹಿಡದು, ಮೂರು ಸಲ ನೆನಸಿ, ಆಮ್ಯಾಲೆ ಕೈ ಮುಂದ ಒಯ್ಯೂದು. ನಮ್ಮ ಉಸ್ತಾದ ಕಲಿಸಿದ್ದು. ಅವಾ ಬಿಸ್ಮಿಲ್ಲಾ ಅಂತಿದ್ದ, ನಾ ಶಿವ ಅಂತೀನಿ. ಹಂಗ ತುಸು ನಿಂದರ್ಸಿದ್ರ ತಣ್ಣನ ಕಬ್ಬಿಣಕ್ಕ ಬೆಸಿಯೂ ರಾಡೂ ಅಂಟಂಗಿಲ್ರಿ."

ಹುಡುಗಿ ಲ್ಯಾಪ್‌ಟಾಪು ಬಿಟ್ಟು ಎದ್ದು ಬಂದಿದ್ದಳು. "ಕಾಕಾ," ಎಂದಳು, ದನಿ ಬಹಳ ಮೆತ್ತಗಿತ್ತು. "ನಾ ಮೊದಲ ದಿನ ಕೇಳಿದ್ನಲ್ರಿ, ಹೆಂಗ ವೆಲ್ಡ್ ಮಾಡ್ತೀರಿ ಅಂತ. ಈ ತುದಿಯಿಂದ ಆ ತುದಿಗೆ ಸೀದಾ, ಎಲ್ಲೂ ನಿಂದ್ರೂದಿಲ್ಲ ಅಂದಿದ್ರಿ."

"ಹೌದಲ್ಲವಾ. ನಿಂದ್ರೂದ ಇಲ್ಲ."

"ಮತ್ತ ಇದು?"

"ಇದು ವೆಲ್ಡಿಂಗ್ ಅಲ್ಲಲ್ಲವಾ," ಎಂದ ಅವನು, ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬಂತೆ. "ಇದು ದೇವರಿಗೆ."

ಅವಳು ಅಲ್ಲೇ ಕಬ್ಬಿಣದ ಪಟ್ಟಿಗಳ ರಾಶಿಯ ಮೇಲೆ ಕೂತುಬಿಟ್ಟಳು. ಅಳುತ್ತಾಳೋ ಎಂದುಕೊಂಡೆ. ನಗುತ್ತಿದ್ದಳು. ಕಂಪ್ಯೂಟರಿಗೆ ಅವಳು ಹೇಳಿದ್ದು, ಬೆಂಕಿ ಮೊದಲ ಗಳಿಗೆಯಿಂದಲೇ ಹೊರಟು ಕೊನೆಯತನಕ ಒಂದೇ ಸ್ಪೀಡಿನಲ್ಲಿ ನಡೆದಿದೆ ಎಂದು. ಇಲ್ಲಿ ಬೆಂಕಿ ಮೂರು ಸಲ ಶಿವ ಅನ್ನುವಷ್ಟು ಹೊತ್ತು ನಿಂತು, ಆಮೇಲೆ ಹೊರಟು, ತಡವಾದದ್ದನ್ನು ಸರಿಮಾಡಿಕೊಳ್ಳುವಷ್ಟು ಬೇಗ ನಡೆದು ಮುಗಿಸುತ್ತಿತ್ತು. ನನ್ನ ಪಿನಾಫೋರಿನ ತ್ರಿಕೋನವೇ. ನಿಂತ ಜಾಗ ಸುಡದೆ ಇನ್ನೇನಾದೀತು? ಪಾಪ, ಆ ತಂತಿ ನಾಲ್ಕು ಪ್ಲೇಟಿನಿಂದಲೂ ನಿಜವನ್ನೇ ಹೇಳುತ್ತಿತ್ತು.

ಆದರೆ ನಾನು ಟೀಚರ್. "ಒಂದ ಕಾರಣ ಸಿಕ್ಕಿತು ಅಂತ ಕುಣೀಬ್ಯಾಡ," ಎಂದೆ. "ಪ್ರೂವ್ ಮಾಡಬೇಕು. ಆರನೇ ಪ್ಲೇಟ್ ನಿಂದರ್ಸದ ಮಾಡಿ ನೋಡು. ಆಗ ತಂತಿ ಏನಂತೈತಿ ಕೇಳೋಣ."

ಅವಳು ವೆಲ್ಡರನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. "ಅದು ಆಗಂಗಿಲ್ರಿ ಅಕ್ಕೋರ. ನೀವು ಹೇಳಿದ್ರೂ ಇಲ್ಲ. ಮೂವತ್ತು ವರ್ಷ ಆತು, ದೇವರಿಗೆ ಕೊಡದ ಒಂದು ಕಿಡೀನೂ ಹಚ್ಚಿಲ್ಲ. ಕೈಗೆ ಕಣ್ಣಿಗೆ ಏನೂ ಆಗಿಲ್ಲ ನೋಡ್ರಿ."

ಅವನೇ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಮೂಲೆಯಿಂದ ಅಂಗೈಯಗಲದ ಒಂದು ಕಬ್ಬಿಣದ ತುಂಡು ತಂದು, ಆರನೇ ಪ್ಲೇಟಿನ ತುದಿಗೆ ತಾಗಿಸಿಟ್ಟ. "ಹಿಂಗ ಮಾಡೋಣೇನವಾ? ದೇವರದು ಈ ತುಂಡಿನ ಮ್ಯಾಲೆ ಆಗಲಿ. ಇದರ ಮ್ಯಾಲೆ ಹಚ್ಚಿ, ನೆನಸಿ, ಹಂಗ ನಡಕೋತ ನಿನ್ನ ಪ್ಲೇಟಿಗೆ ಬರ್ತೀನಿ. ನಿನ್ನ ಪ್ಲೇಟಿನ ಮ್ಯಾಲೆ ಎಲ್ಲೂ ನಿಂದ್ರಂಗಿಲ್ಲ."

ಹುಡುಗಿ ಬಾಯಿ ತೆರೆದು ನೋಡಿದಳು. ದೊಡ್ಡ ದೊಡ್ಡ ಫ್ಯಾಕ್ಟರಿಗಳಲ್ಲಿ ಹೀಗೆ ತುದಿಗೊಂದು ತುಂಡು ಇಟ್ಟೇ ಶುರು ಮಾಡುತ್ತಾರಂತೆ, ಅದು ಅವಳ ಪುಸ್ತಕದಲ್ಲೇ ಇತ್ತಂತೆ. ಎಂಟನೆಯ ಇಯತ್ತೆಯಲ್ಲಿ ನಾನು ಅವನಿಗೆ ಇನ್ನೊಂದಿಷ್ಟು ಮಾರ್ಕ್ಸ್ ಕೊಡಬಹುದಾಗಿತ್ತು.

ಆರನೆಯದನ್ನು ಹಾಗೆಯೇ ಬೆಸೆಸಿಕೊಂಡು ಮನೆಗೆ ಬಂದಾಗ ಹನ್ನೆರಡು. ಅವಳು ನನ್ನ ಡೈನಿಂಗ್ ಟೇಬಲ್ಲಿನ ಮೇಲೆಯೇ ಲ್ಯಾಪ್‌ಟಾಪು ಇಟ್ಟು ಎರಡು ಲೆಕ್ಕ ಬರೆದಳು. ಐದನೇ ಪ್ಲೇಟಿಗೆ, ಬೆಂಕಿ ಮೂರು ಶಿವಕ್ಕೆ ಮೂರು ಸೆಕೆಂಡು ನಿಂತು ಆಮೇಲೆ ಹೊರಡುವಂತೆ. ಆರನೆಯದಕ್ಕೆ, ಬೆಂಕಿ ನಡೆಯುತ್ತಲೇ ಪ್ಲೇಟಿನೊಳಗೆ ಬರುವಂತೆ. ಮೊದಲಿನದು ಓಡುತ್ತಿರುವಾಗ ಕರೆಂಟ್ ಹೋಯಿತು. ಬ್ಯಾಟರಿ ನಲವತ್ತು ಪರ್ಸೆಂಟ್. ನಾವಿಬ್ಬರೂ ಅಡುಗೆ ಮಾಡಲಿಲ್ಲ, ಫ್ಯಾನಿಲ್ಲದೆ ಬೆವರುತ್ತ ಆ ಕೆಂಪು ಕಲೆಯನ್ನೇ ನೋಡುತ್ತ ಕೂತೆವು. ಅದು ಮೊದಲ ಚೌಕದಲ್ಲೇ ನಿಂತು ಅಗಲವಾಗುತ್ತ ಹೋಯಿತು. "ನಡಿಯವಾ ತಾಯಿ," ಎಂದಳು ಹುಡುಗಿ ಪರದೆಗೆ. ಬ್ಯಾಟರಿ ಇಪ್ಪತ್ತೈದಕ್ಕೆ ಬಂದಾಗ ಕಲೆ ಹೊರಟಿತು. ಹದಿನೈದರಲ್ಲಿ ಕರೆಂಟ್ ಬಂತು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು.

ಗ್ರಾಫ್ ಬಿಚ್ಚಿದಳು. ಅಳೆದದ್ದು ಕಪ್ಪು ಚುಕ್ಕೆ, ಲೆಕ್ಕದ್ದು ಕೆಂಪು ಗೆರೆ. ಗೆರೆ ಮೊದಲನೇ ತಂತಿಯ ಚುಕ್ಕೆಗಳ ಮೇಲೆ ಹತ್ತಿ, ತುಸು ಆಚೀಚೆ ಸರಿದು, ಅವುಗಳ ಜೊತೆಯಲ್ಲೇ ಇಳಿಯಿತು. ಸಂಜೆಯ ಹೊತ್ತಿಗೆ ಆರನೇ ಪ್ಲೇಟಿನದೂ ಬಂತು. ತಂತಿ ಹಟ ಬಿಟ್ಟಿತ್ತು. ಹಟವೆಲ್ಲಿತ್ತು, ನಾವೇ ಅದರ ಮಾತು ಕೇಳಿರಲಿಲ್ಲ.

ಅವಳು ಗೈಡ್ ಸರ್‌ಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. ಎಲ್ಲ ಹೇಳಿದಳು, ಶಿವ ಶಿವ ಸಮೇತ.

"ಎಷ್ಟು ವರ್ಷದಿಂದ ಹಿಂಗ ಮಾಡ್ತಾನವಾ ಅವಾ?"

"ಮೂವತ್ತು ವರ್ಷ ರೀ ಸರ್."

"ಪ್ರತಿ ಸಲ?"

"ಪ್ರತಿ ಸಲ ರೀ."

"ಹಂಗಾರ ಅದು ಎರರ್ ಅಲ್ಲ, ಪ್ರೊಸೀಜರ್. ಬರದುಬಿಡು. ಎರಡೂ ಪ್ಲೇಟ್ ಹಾಕು. ಶನಿವಾರ ತಂದುಕೊಡು." ಫೋನಿಡುವ ಮುಂಚೆ ಒಂದು ಕ್ಷಣ ತಡೆದು, "ತೆಗಿ ಅಂದಿದ್ನಲ್ಲ, ತೆಗೀಲಿಲ್ಲ. ಛಲೋ ಆತು," ಎಂದರು.

ಅವಳು ಮಾಳಿಗೆಗೆ ಹತ್ತಿಹೋದ ಮೇಲೆ ನಾನು ಅವಳ ರದ್ದಿ ಪ್ರಿಂಟೌಟೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಕೂಲಿಂಗ್ ಕರ್ವ್ ಎಳೆದೆ. ರೆಕಾರ್ಡ್ ಬುಕ್ಕು ಯಾವ ಕಾಲಕ್ಕೋ ಗೆದ್ದಲು ತಿಂದಿದೆ. ಚುಕ್ಕೆ ಮಾತ್ರ ಎಲ್ಲಿತ್ತು ಎಂದು ಕೈಗೆ ಗೊತ್ತಿತ್ತು. ಅಲ್ಲೇ ಇಟ್ಟೆ, ಗೆರೆ ಬಿಟ್ಟು ಕೆಳಗೆ. ಕಾರಣ ಇನ್ನು ಸಿಗುವುದಿಲ್ಲ. ಇರಲಿ. ಕಾಗದ ಫ್ರಿಜ್ಜಿನ ಮೇಲಿದೆ.

ವೈವಾ ಆದ ದಿನ ಬೆಳಿಗ್ಗೆ ಹನ್ನೊಂದಕ್ಕೇ ಅವಳ ಫೋನ್ ಬಂತು. ಹೊರಗಿನಿಂದ ಬಂದ ಎಕ್ಸಾಮಿನರ್ ಮೊದಲು ಕೇಳಿದ್ದೇ ಆ ಮೂರು ಸೆಕೆಂಡಿನ ಬಗ್ಗೆಯಂತೆ. ಹೇಳಿದ ಮೇಲೆ ಬೇರೆ ಪ್ರಶ್ನೆ ಬಹಳ ಕೇಳಲಿಲ್ಲವಂತೆ. "ಆತ್ರಿ ಅಕ್ಕೋರ, ಮುಗೀತ್ರಿ," ಎಂದಳು. ಟರ್ಮ್ ಶುರುವಾಗಲು ಇನ್ನೂ ಒಂಬತ್ತು ದಿನವಿತ್ತು.

ಅಂದೇ ಸಂಜೆ ವೆಲ್ಡರ್ ನನ್ನ ಗೇಟನ್ನು ಕಂಬಕ್ಕೆ ಹಿಡಿದಿಡುವ ಮುರಿದ ಬಿಜಾಗರಿ ಬೆಸೆಯಲು ಬಂದ. ತಿಂಗಳಿನಿಂದ ಹೇಳಿಟ್ಟ ಕೆಲಸ. ಮಷಿನ್ ಇಳಿಸುತ್ತಲೇ ಕೇಳಿದ: "ಪಾಸಾದಳೇನ್ರಿ?"

"ಪಾಸ್ ಆದಳು."

"ಹಂಗಾರ ಇವತ್ತು ನಾಕು ಸಲ ಶಿವ ಅಂತೀನ್ರಿ. ಒಂದು ಹೆಚ್ಚಿಗಿ, ಆ ಹುಡುಗೀದು."

"ಬ್ಯಾಡೋ ಮಾರಾಯ," ಎಂದೆ. "ಥೀಸಿಸ್‌ನಾಗ ಮೂರು ಅಂತ ಬರದಾಳ."

ಅವನು ಗೇಟು ಅಲ್ಲಾಡುವಂತೆ ನಕ್ಕ. "ಆ ಕಡೆ ತಿರುಗ್ರಿ ಅಕ್ಕೋರ, ಕಣ್ಣಿಗೆ ಬಡೀತೈತಿ." ಬೆನ್ನು ಮಾಡಿ ನಿಂತೆ. ಚಟ್ ಎಂದಿತು. ನಾನೂ ಮನಸ್ಸಿನಲ್ಲೇ ಎಣಿಸಿದೆ. ಮೂರಕ್ಕೆ ಸರಿಯಾಗಿ ಸದ್ದು ಹದಕ್ಕೆ ಬಂದು, ಬಿಜಾಗರಿಯ ಉದ್ದಕ್ಕೂ ನಡೆಯತೊಡಗಿತು.